ಕೆರೆಗೆ ಸೈಜಿನ ಪ್ರಕಾರ ದಡ

ನಮ್ಮ ಬೆಂಗಳೂರಿನ ಕೆರೆಗಳಿಗೆ ಕೊನೆಗೂ ನ್ಯಾಯ ಸಿಕ್ಕಿದೆ. ಇಷ್ಟು ದಿನ ದೊಡ್ಡದು, ಚಿಕ್ಕದು ಅಂತ ನೋಡದೆ ಎಲ್ಲ ಕೆರೆಗಳ ಸುತ್ತಲೂ 30 ಮೀಟರ್ ಜಾಗ ಖಾಲಿ ಬಿಡಬೇಕಿತ್ತು. ಇದು ಭಾರಿ ಅನ್ಯಾಯ ಅಂತ ನಮ್ಮ ಜನಪ್ರತಿನಿಧಿಗಳಿಗೆ ಹೊಳೆಯಿತು. 2025ರಲ್ಲಿ ರಾಜ್ಯದ ಕೆರೆ ಸಂರಕ್ಷಣೆ ಕಾನೂನಿಗೆ ತಿದ್ದುಪಡಿ ಮಸೂದೆ ತಂದು ಪಾಸು ಮಾಡಿದರು. 100 ಎಕರೆ ಮೀರಿದ ಕೆರೆಗೆ ಅದೇ 30 ಮೀಟರ್. 1ರಿಂದ 10 ಎಕರೆಯ ಕೆರೆಗೆ 6 ಮೀಟರ್. ಒಂದು ಎಕರೆಯೊಳಗಿನ ಕೆರೆಗೆ 3. ತೀರಾ ಚಿಕ್ಕ ಕುಂಟೆಯಾದರೆ ಏನೂ ಇಲ್ಲ, ನೀರು ಮುಗಿದ ಕಡೆಯಿಂದಲೇ ಗೋಡೆ.

40-60 ಸೈಟಿನಲ್ಲಿ ಮನೆ ಕಟ್ಟುವವರು ಸೆಟ್‌ಬ್ಯಾಕ್ ಬಿಡಬೇಕು, ಬಿಡದಿದ್ದರೆ ನೋಟಿಸ್ ಬರುತ್ತದೆ. ಕುಂಟೆಗೆ ಆ ತಾಪತ್ರಯವೂ ಇಲ್ಲ.

2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಬಿಡಿ ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. 75 ಹೋಗಿ 30 ಆಯಿತು, 30 ಹೋಗಿ 6, 3, ಸೊನ್ನೆ. ಬಾಡಿಗೆ, ಅಡ್ವಾನ್ಸ್, ಆಟೋ ಮೀಟರ್ ಯಾವುದೂ ಇಳಿಯದ ಊರಿನಲ್ಲಿ ಇಳಿಯುತ್ತಿರುವುದು ಎರಡೇ. ಒಂದು ಇದು, ಇನ್ನೊಂದು ಬೋರ್‌ವೆಲ್ ನೀರು.

ಹಾಗಂತ ಸರ್ಕಾರಕ್ಕೆ ಹವಾಮಾನದ ಚಿಂತೆ ಇಲ್ಲ ಅನ್ನಬೇಡಿ. ಜಾಸ್ತಿನೇ ಇದೆ. 2023ರ ನವೆಂಬರಿನಲ್ಲಿ ಬಿಬಿಎಂಪಿ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. 2050ಕ್ಕೆ ಬೆಂಗಳೂರು ನೆಟ್ ಝೀರೋ ಆಗಬೇಕಂತೆ, ಅಂದರೆ ಗಾಳಿಗೆ ಬಿಟ್ಟಷ್ಟು ಇಂಗಾಲವನ್ನು ವಾಪಸ್ ಹೀರಿ ಲೆಕ್ಕ ಸೊನ್ನೆ ಮಾಡಬೇಕು. ಕೆರೆ ದಡದ ಮಟ್ಟಿಗಾದರೂ ಝೀರೋ ಗುರಿಯನ್ನು ಅವಧಿಗೆ ಮುಂಚೆಯೇ ಮುಟ್ಟುತ್ತಿದ್ದೇವೆ. ಆ ಬಿಬಿಎಂಪಿಯೇ ಈಗ ಇಲ್ಲ, ಒಡೆದು ಐದು ಪಾಲಿಕೆ ಮಾಡಿದ್ದಾರೆ. ಯೋಜನೆಯ ಪುಸ್ತಕ ಯಾವ ಪಾಲಿಕೆಯ ಪಾಲಿಗೆ ಬಂತೋ, ಯಾವ ಬೀರುವಿನಲ್ಲಿದೆಯೋ.

ಇನ್ನು ಕೆರೆಯನ್ನು ಸುಮ್ನೆ ಹಾಳು ಮಾಡಿದ್ದಾರೆ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ನಮ್ಮದು ಕ್ರೀಡಾಪ್ರೇಮಿಗಳ ಊರು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್, ಅದು ಸ್ವಲ್ಪ ದೊಡ್ಡ ಮನೆಯವರ ಆಟ. ಒಂದೊಂದು ಕೆರೆಗೆ ಒಂದೊಂದು ಆಟ ಹಂಚಿದ್ದೇವೆ, ಈಜು ಮಾತ್ರ ಮರೆತುಹೋಗಿದೆ. ಆಟ ಮುಗಿಸಿ ಊರಿಗೆ ಹೋಗುವವರು ಧರ್ಮಾಂಬುಧಿ ಕೆರೆಯಲ್ಲಿ ಬಸ್ ಹತ್ತಬಹುದು, ಅದನ್ನೇ ಮೆಜೆಸ್ಟಿಕ್ ಅನ್ನುತ್ತೇವೆ. ಸಂಪಂಗಿ ಕೆರೆಯದ್ದು ಒಂದು ಚಿಕ್ಕ ಕೊಳ ಈಗಲೂ ಉಳಿದಿದೆ, ಕರಗದ ಪೂಜೆಗೆ ಬೇಕಲ್ಲ. ದೇವರ ಕೆಲಸ ಇಲ್ಲದಿದ್ದರೆ ಅಲ್ಲೂ ಇಷ್ಟೊತ್ತಿಗೆ ಒಂದು ಬ್ಯಾಡ್ಮಿಂಟನ್ ಕೋರ್ಟ್ ಎದ್ದಿರುತ್ತಿತ್ತು.

ಸರ್ಕಾರಿ ಜಾಗವನ್ನು ಕಾಯುವುದು ಯಾರು? ಬೋರ್ಡು. ನಮ್ಮ ಏರಿಯಾದ ಕೆರೆ ಏರಿಯ ಮೇಲೂ ಒಂದಿದೆ. ‘ಇದು ಸರ್ಕಾರಿ ಸ್ವತ್ತು. ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.’ ಕೆಳಗೆ ಸರ್ವೆ ನಂಬರ್ ಇರಬೇಕು, ಅದರ ಮೇಲೆ ಪಿಜಿಯವರ ಚೀಟಿ: ಊಟ, ವೈಫೈ ಸಹಿತ. ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಬರೆದಿದ್ದ ಕಡೆ ಬೋರ್‌ವೆಲ್ ಕೊರೆಯುವವರ ಫೋನ್ ನಂಬರ್. ರಾತ್ರಿ ಬಿಲ್ಡಿಂಗ್ ವೇಸ್ಟ್ ಸುರಿಯಲು ಬರುವ ಟಿಪ್ಪರ್ ಮಾತ್ರ ಈ ಕಂಬಕ್ಕೆ ತಾಗದ ಹಾಗೆ ಹುಷಾರಾಗಿ ರಿವರ್ಸ್ ತಗೊಳ್ಳುತ್ತದೆ. ಒಡೆದ ಟೈಲ್ಸು, ಕಮೋಡು, ಕಿಟಕಿಯ ಚೌಕಟ್ಟು ಎಲ್ಲ ನೀರಿನ ಕಡೆಗೆ. ಬೋರ್ಡಿಗೆ ಒಂದು ಗೀರೂ ಬಿದ್ದಿಲ್ಲ. ಸರ್ಕಾರ ಅಂದರೆ ಅಷ್ಟು ಗೌರವ.

ಚಿಕ್ಕ ಕೆರೆಗೆ ಚಿಕ್ಕ ದಡ ಸಾಕು ಅನ್ನುವ ಲೆಕ್ಕ ಹಾಕಿದವರು ಯಾರೋ ಗೊತ್ತಿಲ್ಲ. ಕೆಂಪೇಗೌಡರ ಕಾಲದವರನ್ನು ಕೇಳಿದ್ದರೂ ಹೇಳುತ್ತಿದ್ದರು. ಈ ಊರಿಗೆ ದೊಡ್ಡ ನದಿ ಇಲ್ಲ. ಮೇಲಿನ ಕುಂಟೆ ತುಂಬಿ ಕೋಡಿ ಹರಿದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಮೇಲಿನ ಚಿಕ್ಕದನ್ನು ಮುಚ್ಚಿದರೆ ಜೋರು ಮಳೆಯ ದಿನ ಅಷ್ಟೂ ನೀರು ಒಂದೇ ಸಲ ಕೆಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಇಂಗಿದ ನೀರು ಇರಲ್ಲ. ಹವಾಮಾನ ಬದಲಾದ ಹಾಗೆ ಮಳೆ ಬಂದರೆ ಒಟ್ಟಿಗೆ ಸುರಿಯುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಪತ್ತೆ ಇಲ್ಲ. ಎರಡನ್ನೂ ತಡೆದುಕೊಳ್ಳಲು ನಮ್ಮ ಹತ್ತಿರ ಇರುವುದು ಈ ತಗ್ಗು ಜಾಗ, ಈ ದಡ. ಇದನ್ನು ತಿಳಿಯಲು ವರದಿ ಬೇಕಾ? 2022ರ ಸೆಪ್ಟೆಂಬರಿನಲ್ಲಿ ಯಮಲೂರಿನಲ್ಲಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಸರಿಯಾಗಿ ಎರಡು ವರ್ಷವೂ ಆಗಿರಲಿಲ್ಲ, 2024ರ ಮಾರ್ಚಿನಲ್ಲಿ ಅದೇ ಊರು ಟ್ಯಾಂಕರ್ ಹಿಂದೆ ಓಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದರು. ಸರಿ, ಹಾಕಲಿ. ಕೆರೆಯನ್ನೇ ನುಂಗಿದವನಿಗೆ ಎಷ್ಟು? ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಸಮಿತಿ ಆಯಿತು, ಬಾಲಸುಬ್ರಮಣಿಯನ್ ಕಾರ್ಯಪಡೆ ಆಯಿತು, ಕೋಳಿವಾಡ ಸಮಿತಿ ಆಯಿತು. ವರದಿಗಳು ಬಂದವು, ಸುದ್ದಿಯಾದವು. ಜೆಸಿಬಿ ಮಾತ್ರ ಬಡವರ ಶೀಟ್ ಮನೆ ಕಂಡಾಗ ಸ್ಟಾರ್ಟ್ ಆಗುತ್ತದೆ, ದೊಡ್ಡ ಗೇಟಿನ ಮುಂದೆ ಡೀಸೆಲ್ ಖಾಲಿ.

ಈ ತಿದ್ದುಪಡಿ ಬೇಕು ಅಂತ ಕೇಳಿದ್ದು ಯಾರು? ಕೆರೆಯಲ್ಲಿ ಮೀನು ಹಿಡಿಯುವವರಾ? ಹುಲ್ಲು ಕೊಯ್ದು ದನ ಸಾಕುವವರಾ? ಬೆಳಿಗ್ಗೆ ವಾಕಿಂಗ್ ಬರುವ ಅಜ್ಜಂದಿರಾ? ಕೆರೆ ಉಳಿಸಿ ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆದವರಾ? ಇವರಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕೇಳಿಲ್ಲ. ಅಷ್ಟಕ್ಕೂ ಉಳಿಸಿರುವ ಆ ಮೂರೋ ಆರೋ ಮೀಟರಿನಲ್ಲೂ ರಸ್ತೆ, ಸೇತುವೆ, ಒಳಚರಂಡಿ ಪೈಪಿಗೆ ಅವಕಾಶ ಇಟ್ಟಿದ್ದಾರೆ. ಇರಲಿ, ‘ಲೇಕ್ ವ್ಯೂ’ ಅಪಾರ್ಟ್‌ಮೆಂಟಿನವರು ಮನೆಗೆ ಹೋಗಲು ದಾರಿ ಬೇಕಲ್ವಾ.