ಕೊಳೆ ಔಷಧಿಗೆ ತಾರೀಕು ನೋಡಬೇಡಿ, ಮೋಡ ನೋಡಿ

ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಜೂನ್ ಮೊದಲ ವಾರ ಒಂದು ಸಲ, ಜುಲೈ ಮಧ್ಯಕ್ಕೆ ಇನ್ನೊಂದು ಸಲ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವ ಹಳೇ ಲೆಕ್ಕ ಇನ್ನು ನಡೆಯಲ್ಲ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಹದಿನೈದು ದಿನದ ಅಂತರ! ಬೋರ್ಡೋ ಇರುವುದು ರೋಗ ಬಾರದ ಹಾಗೆ ತಡೆಯಲಿಕ್ಕೆ. ಕಾಯಿಯೊಳಗೆ ರೋಗ ಹೊಕ್ಕ ಮೇಲೆ ಹೊಡೆದರೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಕೂಲಿ ದಂಡ ಅಷ್ಟೇ.

ಕೊಳೆ ತರುವ ಫೈಟಾಫ್ತೊರಾವನ್ನು ನಾವು ಶಿಲೀಂಧ್ರ ಅನ್ನುತ್ತೇವೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಕಂದು ಪಾಚಿಗಳ ನೆಂಟ. ಅದರ ಕಣಗಳಿಗೆ ಬಾಲ ಉಂಟು, ನೀರಲ್ಲಿ ಈಜುತ್ತವೆ. ಕಾಯಿಯ ತೊಟ್ಟಿನ ಹತ್ತಿರ ತೆಳ್ಳಗೆ ನೀರು ನಿಂತರೆ ಸಾಕು. 20ರಿಂದ 23 ಡಿಗ್ರಿ ತಂಪು, ಶೇ. 90 ದಾಟಿದ ತೇವ, ಜೊತೆಗೆ ಜಡಿಮಳೆ ನಡುವೆ ಆಗಾಗ ಬಿಸಿಲು ಬಂದರೆ ಅದಕ್ಕೆ ಹಬ್ಬ. ಮೊದಲು ತೊಟ್ಟಿನ ಬುಡದಲ್ಲಿ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಕಾಯಿ ಹೊಳಪು ಕಳೆದುಕೊಂಡು ತೊಟ್ಟು ಬಿಟ್ಟು ಉದುರುತ್ತದೆ. ಬಿದ್ದ ಕಾಯಿಗೆ ಬಿಳಿ ಬೂಷ್ಟು. ನಿಜವಾದ ಶಿಲೀಂಧ್ರ ಅಲ್ಲದ್ದರಿಂದಲೇ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇದಕ್ಕೆ ನಾಟುವುದಿಲ್ಲ. ಅಂಗಡಿಯವರು ಕೊಟ್ಟರೂ ತರಬೇಡಿ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಕೊಳೆಗೆ ತೋರಿಸಿಕೊಟ್ಟ ಬೋರ್ಡೋಕ್ಕೆ ಈಗಲೂ ಸಾಟಿ ಇಲ್ಲ. ಆದರೆ ತಯಾರಿಯಲ್ಲೇ ಅರ್ಧ ಜನ ಕೆಡಿಸುತ್ತಾರೆ. ಒಂದು ಕೆಜಿ ಮೈಲುತುತ್ತ 50 ಲೀಟರಿಗೆ, ಒಂದು ಕೆಜಿ ಒಳ್ಳೇ ಸುಣ್ಣ ಇನ್ನೊಂದು 50 ಲೀಟರಿಗೆ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಕಬ್ಬಿಣದ ಪಾತ್ರೆ ಮುಟ್ಟಿಸಬೇಡಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು, ಉಲ್ಟಾ ಅಲ್ಲ. ಆಮೇಲೆ ಉಜ್ಜಿ ಬೆಳಗಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಹಳೇ, ಗಾಳಿಗೆ ಸತ್ತುಹೋದ ಸುಣ್ಣ ಹಾಕಿದವರಿಗೆ ಹೀಗಾಗುವುದು ಜಾಸ್ತಿ. ಅಂಟಿಗೆ ರಾಳ ಹಾಕಿ. ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು, ನಾಳೆಗೆ ಉಳಿದದ್ದು ಅಂಟುವುದಿಲ್ಲ.

ಹಾಗಾಗಿ ತುತ್ತ, ಸುಣ್ಣ ಮೇ ಮೊದಲ ವಾರವೇ ಮನೆಯಲ್ಲಿರಲಿ. ಕೊನೆಗಾರನಿಗೂ ಆಗಲೇ ಹೇಳಿಡಿ. ಮುಂಗಾರಿನ ಮುನ್ಸೂಚನೆ ಬಂದದ್ದೇ ಒಣ ಗೊನೆಗೆ ಮೊದಲ ಸಲ ಹೊಡೆದು ಮುಗಿಸಿ. ಎರಡನೆಯದಕ್ಕೆ 40-45 ದಿನ ಅಂತ ಲೆಕ್ಕ ಇದ್ದರೂ, 35ನೇ ದಿನಕ್ಕೆ ಎರಡು ದಿನ ಮಳೆ ಬಿಟ್ಟು ಹೊಳವು ಸಿಕ್ಕರೆ ಬಿಡಬೇಡಿ. ಮಳೆ ಸೆಪ್ಟೆಂಬರಿಗೂ ಎಳೆದರೆ ಮೂರನೆಯದು ಬೇಕೇ ಬೇಕು. ಕೊಳೆತು ಒಣಗಿ ಮರದಲ್ಲೇ ಉಳಿದ ಗೊನೆ ಕಿತ್ತು ಸುಡಿ. ಮುಂದಿನ ವರ್ಷದ ಕೊಳೆಗೆ, ಸುಳಿಕೊಳೆಗೆ ಬೀಜ ಅಲ್ಲೇ ಇರುತ್ತದೆ.

ಅಡಿಕೆಯ ಇನ್ನೊಂದು ರೋಗ, ಸೋಗೆಗೆ ಬರುವ ಎಲೆಚುಕ್ಕಿಯ ದಾರಿ ಬೇರೆ. ಅದು ನಿಜವಾದ ಶಿಲೀಂಧ್ರದ್ದು, ಮಳೆಹನಿ ಮತ್ತು ಗಾಳಿಯಲ್ಲಿ ಸೋಗೆಯಿಂದ ಸೋಗೆಗೆ ಹಾರುತ್ತದೆ. ಗೊನೆಗೆ ಹೊಡೆದ ಬೋರ್ಡೋ ಸೋಗೆಯನ್ನು ಕಾಯುವುದಿಲ್ಲ. ಮಳೆಗೆ ಮುಂಚೆ ಚುಕ್ಕಿ ಬಿದ್ದ ಕೆಳಗಿನ ಸೋಗೆ ಕಡಿದು ಸುಟ್ಟು, ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 1 ಮಿಲಿಯಂತೆ ಸೋಗೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಬೇಕು. ಒಬ್ಬರ ತೋಟಕ್ಕೆ ಮಾತ್ರ ಹೊಡೆದು ಪಕ್ಕದ್ದು ಬಿಟ್ಟರೆ ಎರಡು ಮಳೆಗೆ ವಾಪಸ್ ಬರುತ್ತದೆ.