ಸೈಕಲ್ ಚೈನು ಅಂತೆ!

ನಿನ್ನೆ ದೊಡ್ಡಪ್ಪನ ಮೊಮ್ಮಗಳ ಮದುವೆ. ಇಲ್ಲೇ ದಾವಣಗೆರೆ, ಪಿ.ಬಿ. ರಸ್ತೆ ಕಡೆಯ ಮಂಟಪ. ಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡು ಒಳಗೆ ಕಾಲಿಟ್ಟು ಎರಡು ನಿಮಿಷ ಆಗಿರಲಿಲ್ಲ. ನಮ್ಮ ಸೋದರಮಾವ ನನ್ನ ಬಲಗೈ ಹಿಡಿದು ಮೇಲೆತ್ತಿ, ಸುತ್ತ ಕೂತಿದ್ದ ಎಂಟು ಹತ್ತು ಜನಕ್ಕೆ ತೋರಿಸಿದರು. "ನೋಡ್ರಪ್ಪಾ ಇಲ್ಲಿ. ಊರಿನ ಹೆಣ್ಮಕ್ಕಳೆಲ್ಲ ಬಂಗಾರದ ಬಳೆ ಹಾಕ್ಕೊಂಡು ಬಂದ್ರೆ ನಮ್ಮ ಹುಡುಗಿ ಸೈಕಲ್ ಚೈನ್ ಹಾಕ್ಕೊಂಡು ಬಂದಾಳೆ. ಏನವ್ವಾ, ಯಾರ ಸೈಕಲ್ಲಿಂದ ಬಿಚ್ಚಿದ್ದು ಇದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮದುವೆಮನೆ, ಇನ್ನೇನು ಮಾಡೋದು? ರಾತ್ರಿ ಮನೆಗೆ ಬಂದು ಸೀರೆ ಮಡಚುವಾಗ ಸಿಟ್ಟು ಬಂತು. ನನಗೆ ಸಿಟ್ಟು ಯಾವಾಗಲೂ ಲೇಟಾಗಿಯೇ ಬರೋದು. ಅದಕ್ಕೇ ಈ ಪೋಸ್ಟ್.

ನಿಮಗೆಲ್ಲ ಗೊತ್ತಿರೋದೇ, ಆದರೂ ಹೇಳುತ್ತೇನೆ. ಅದು ಸೈಕಲ್ ಚೈನ್ ಅಲ್ಲ. ಲೆದರ್‌ಮನ್ ಕಂಪನಿಯ ಟ್ರೆಡ್ ಅನ್ನೋ ಬ್ರೇಸ್‌ಲೆಟ್. ಅಣ್ಣನ ಮಗ ಅಮೆರಿಕದಿಂದ ಬಂದಾಗ ತಂದುಕೊಟ್ಟಿದ್ದು. ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿಗಳು, ಒಂದೊಂದು ಕೊಂಡಿಯಲ್ಲಿ ಎರಡು ಮೂರು ಸಾಮಾನು. ಚಪ್ಪಟೆ ಸ್ಕ್ರೂಡ್ರೈವರ್, ಸ್ಟಾರ್ ಸ್ಕ್ರೂಡ್ರೈವರ್, ಅಲೆನ್ ಕೀ, ಚಿಕ್ಕ ಪಾನಾಗಳು, ದಾರ ಕತ್ತರಿಸೋ ಕೊಕ್ಕೆ, ಗಾಜು ಒಡೆಯೋ ಮೊನೆ, ಸಿಮ್ ತೆಗೆಯೋ ಕಡ್ಡಿ. ಒಟ್ಟು 29 ಅಂತ ಕಂಪನಿ ಲೆಕ್ಕ. ಚಾಕು ಇಲ್ಲ, ಇಕ್ಕಳ ಇಲ್ಲ.

ಇನ್ನು ತಮಾಷೆ ಕೇಳಿ. ಈ ಕಂಪನಿಯ ಅಧ್ಯಕ್ಷರಾಗಿದ್ದ ಬೆನ್ ರಿವೆರಾ ಮನೆಯವರ ಜೊತೆ ಡಿಸ್ನಿಲ್ಯಾಂಡಿಗೆ ಹೋಗಿದ್ದರಂತೆ. ಅವರದೇ ಕಂಪನಿಯ ಮಲ್ಟಿಟೂಲ್, ಅಂದರೆ ಹತ್ತಾರು ಸಾಮಾನು ಒಂದರಲ್ಲೇ ಮಡಚಿಟ್ಟದ್ದು, ಜೇಬಲ್ಲಿತ್ತು. ಗೇಟಿನಲ್ಲಿ ಸೆಕ್ಯುರಿಟಿಯವರು ಚಾಕು ಅಂದುಕೊಂಡು ತಡೆದರು. ತಡೆಯೋಕೆ ಆಗದ ಹಾಗೆ ಮೈಮೇಲೇ ಹಾಕಿಕೊಂಡರೆ ಹೇಗೆ ಅನ್ನೋ ಯೋಚನೆ ಅಲ್ಲಿಂದ ಶುರು. ಊರಿಗೆ ವಾಪಸ್ ಬಂದು, ಕೈಗೆ ಎಷ್ಟು ಭಾರ ಆಗುತ್ತೆ, ಚುಚ್ಚುತ್ತಾ ಅಂತ ನೋಡೋಕೆ ಮೊದಲು ಕಟ್ಟಿಕೊಂಡದ್ದು ಏನು ಗೊತ್ತಾ? ಸೈಕಲ್ ಚೈನು! 2015ರಲ್ಲಿ ಟ್ರೆಡ್ ಹೊರಗೆ ಬಂತು. ಅಂದರೆ ನಮ್ಮ ಮಾವ ಗೊತ್ತಿಲ್ಲದೆ ನಿಜವನ್ನೇ ಹೇಳಿದ್ದಾರೆ. ಇದನ್ನ ಅವರಿಗೆ ದಯವಿಟ್ಟು ಯಾರೂ ಹೇಳಬೇಡಿ.

ಸರಿ, ಸಿಟ್ಟಿನ ವಿಷಯಕ್ಕೆ ಬರುತ್ತೇನೆ. "ಅಷ್ಟು ಬೇಕಾದ್ರೆ ಜೇಬಲ್ಲಿ ಇಟ್ಕೋಬಾರ್ದಾ? ಕೈಗೆ ಹಾಕ್ಕೊಂಡು ಮೆರೀಬೇಕಾ?" ಮಾವ ಮಾತ್ರ ಅಲ್ಲ, ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು. ಹೇಳೋರೆಲ್ಲ ಗಂಡಸರು. ಅವರ ಪ್ಯಾಂಟಿಗೆ ನಾಲ್ಕು ಜೇಬು, ಶರ್ಟಿಗೆ ಒಂದು. ನನ್ನ ಸೀರೆಯಲ್ಲಿ ಜೇಬು ಎಲ್ಲಿದೆ, ಒಂಚೂರು ತೋರಿಸಿ ಮಾರಾಯರೇ.

ಚೂಡಿದಾರಕ್ಕಾದರೂ ಇರಲಿ ಅಂತ ಟೈಲರ್ ಹತ್ತಿರ ಕೇಳಿದೆ. "ಜೇಬು ಇಟ್ರೆ ಫಿಟಿಂಗ್ ಕೆಡುತ್ತೆ ಅಕ್ಕಾ" ಅಂದ. ಕೆಡಲಿ ಇಡಪ್ಪಾ ಅಂದೆ. ಇಟ್ಟ. ಐದು ರೂಪಾಯಿ ನಾಣ್ಯ ಹಾಕಿದರೆ ಬಟ್ಟೆ ಒಂದು ಕಡೆಗೆ ಜಗ್ಗುತ್ತೆ. ಇನ್ನು ಸ್ಕ್ರೂಡ್ರೈವರ್ ಎಲ್ಲಿ ಇಡ್ತೀರಿ?

"ವ್ಯಾನಿಟಿ ಬ್ಯಾಗ್ ಇದೆಯಲ್ಲಾ?" ಅಂತ ಕೆಲವರು. ಇದೆ. ಬ್ಯಾಗು ಕೆಳಗಡೆ ಸ್ಟಾಫ್ ರೂಮಿನಲ್ಲಿರುತ್ತೆ, ನಾನು ಮೇಲೆ ಫಿಸಿಕ್ಸ್ ಲ್ಯಾಬಿನಲ್ಲಿರ್ತೀನಿ. ಪ್ರಾಕ್ಟಿಕಲ್ ನಡೆಯುವಾಗ ತ್ರೀ ಪಿನ್ ಟಾಪಿನ ಸ್ಕ್ರೂ ಸಡಿಲ ಆಗುತ್ತೆ. ಕರೆಂಟು ಹೆಚ್ಚು ಕಡಿಮೆ ಮಾಡೋ ರಿಯೊಸ್ಟಾಟಿನ ಜಾರೋ ಕೊಂಡಿ ಅಲ್ಲಾಡುತ್ತೆ. ಹುಡುಗರು ರೀಡಿಂಗ್ ಬರ್ತಿಲ್ಲ ಮೇಡಂ ಅಂತ ಕೂಗುತ್ತಾರೆ. ಆಗ ನಾನು ಮೆಟ್ಟಿಲಿಳಿದು ಹೋಗಿ, ಬ್ಯಾಗು ತಡಕಾಡಿ, ಲಿಪ್‌ಸ್ಟಿಕ್, ಕರ್ಚೀಫು, ಹಳೇ ಬಸ್ ಟಿಕೆಟು, ಸೊಳ್ಳೆಬತ್ತಿಯ ಬಿಲ್ಲು ಎಲ್ಲ ಹೊರಗೆ ತೆಗೆದು, ಸ್ಕ್ರೂಡ್ರೈವರ್ ಹುಡುಕಿ ಮೇಲೆ ಹತ್ತಬೇಕಾ? ಅಷ್ಟರಲ್ಲಿ ಬೆಲ್ ಹೊಡೆದಿರುತ್ತೆ.

ಮೈಮೇಲೆ ಸಾಮಾನು ಇಟ್ಟುಕೊಳ್ಳೋದು ಏನೋ ಅಮೆರಿಕದ ಶೋಕಿ ಅನ್ನೋ ಹಾಗೆ ಮಾತಾಡ್ತಾರಲ್ಲ, ಅದು ನನಗೆ ಇನ್ನೂ ಉರಿ. ಜಗಳೂರು ಕಡೆ ನಮ್ಮಜ್ಜನ ಊರು. ಈ ಮಾವನ ಸ್ವಂತ ಅಪ್ಪ ಅವರು! ಶೇಂಗಾ ಹೊಲ, ಎಲ್ಲಿ ಕಾಲಿಟ್ಟರೂ ಜಾಲಿಮುಳ್ಳು. ಅಜ್ಜನ ಉಡದಾರಕ್ಕೆ ಒಂದು ಚಿಮಟ ನೇತಾಡ್ತಿತ್ತು. ಅದರ ಜೊತೆಗೇ ಮುಳ್ಳು ಕೀಳೋಕೆ ಒಂದು ಮೊನೆ, ಕಿವಿ ಗುಗ್ಗೆ ತೆಗೆಯೋಕೆ ಒಂದು ಪುಟ್ಟ ಚಮಚದಂಥ ಕಡ್ಡಿ. ಮೂರನ್ನೂ ಒಂದೇ ಬಳೆಗೆ ಪೋಣಿಸಿತ್ತು. ಪಕ್ಕದಲ್ಲಿ ಪೆಟ್ಟಿಗೆ ಕೀಲಿ. ನನ್ನ ಅಂಗಾಲನ್ನು ತೊಡೆ ಮೇಲಿಟ್ಟುಕೊಂಡು, ಎಂಜಲು ಹಚ್ಚಿ, ಬೆಳಕಿಗೆ ತಿರುಗಿಸಿ, ಮೊನೆಯಿಂದ ಚರ್ಮ ಬಿಡಿಸಿ, ಚಿಮಟದಿಂದ ಟಕ್ ಅಂತ ಎಳೆಯೋರು. ಎಂಜಲು ಹಚ್ಚಬಾರದು ಅಂತ ಈಗ ಗೊತ್ತು. ಆಗ ಅದೇ ಡೆಟಾಲು.

ಅಜ್ಜನ ಸೊಂಟದಲ್ಲಿದ್ದರೆ ಅದು ಬದುಕು, ನನ್ನ ಕೈಯಲ್ಲಿದ್ದರೆ ಸೈಕಲ್ ಚೈನು. ಆಹಾ!

ಅಜ್ಜಿಯದು ಇನ್ನೂ ಜೋರು. ಸೊಂಟಕ್ಕೆ ಸಿಗಿಸಿದ ಕೀಲಿಗೊಂಚಲು. ಎಲೆ ಅಡಿಕೆ ಚೀಲದಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿ. ತಾಳಿಸರದಲ್ಲಿ ಸಾಲಾಗಿ ಪಿನ್ನುಗಳು. ಆ ಪಿನ್ನುಗಳ ಬಗ್ಗೆ ನಾನು ಒಂದು ಪೀರಿಯಡ್ ಪೂರ್ತಿ ಪಾಠ ಮಾಡಬಲ್ಲೆ. ಒಂದೇ ಒಂದು ತಂತಿ ನೋಡಿ. ಹಿಂದಿನ ಸುರುಳಿಯೇ ಸ್ಪ್ರಿಂಗು, ಮುಂದಿನ ಟೊಪ್ಪಿಗೆಯೇ ಬೀಗ. ನ್ಯೂಯಾರ್ಕಿನ ವಾಲ್ಟರ್ ಹಂಟ್ ಅನ್ನೋರು 1849ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡರು. ಯಾರಿಗೋ 15 ಡಾಲರ್ ಸಾಲ ಕೊಡಬೇಕಿತ್ತಂತೆ. ತಂತಿ ತಿರುಚುತ್ತಾ ಕೂತಾಗ ಹೊಳೆದಿದ್ದು. ಹಕ್ಕನ್ನು 400 ಡಾಲರಿಗೆ ಮಾರಿ ಸಾಲ ತೀರಿಸಿ ಸುಮ್ಮನಾದರು. ಆಮೇಲೆ ಅದರಿಂದ ದುಡ್ಡು ಮಾಡಿಕೊಂಡವರು ಬೇರೆಯವರು.

ಸೆರಗು ನಿಲ್ಲಿಸೋಕೆ, ಕಿತ್ತ ಚಪ್ಪಲಿ ಪಟ್ಟಿ ಸೇರಿಸೋಕೆ, ಲಾಡಿ ಪೋಣಿಸೋಕೆ, ಮಗುವಿನ ಸ್ವೆಟರಿಗೆ, ಹಾಲಿನ ಪ್ಯಾಕೆಟ್ಟಿಗೆ ತೂತು ಮಾಡೋಕೆ. ಇದನ್ನ ಮೈಮೇಲೆ ಹಾಕಿಕೊಂಡು ಓಡಾಡೋ ಹೆಂಗಸರನ್ನ ಯಾರಾದರೂ ಮೆಕ್ಯಾನಿಕ್ ಅಂತ ಕರೆದಿದ್ದೀರಾ? ಇಲ್ಲ. ಅದು ಹೆಂಗಸರ ಸಾಮಾನು. ಸ್ಕ್ರೂಡ್ರೈವರ್ ಹಾಕಿಕೊಂಡ ಕೂಡಲೇ "ಇದೇನಮ್ಮ ರೌಡಿ ತರ."

ಇನ್ನು ನನ್ನ ತಪ್ಪೊಪ್ಪಿಗೆ. ಟ್ರೆಡ್ ಅಂಥ ಮಹಾ ಒಳ್ಳೆ ಸಾಮಾನೇನೂ ಅಲ್ಲ. ಲ್ಯಾಬಿನ ತಕ್ಕಡಿಯಲ್ಲಿ ತೂಗಿದೆ, 150 ಗ್ರಾಂ ದಾಟಿತು. ಬೇಸಿಗೆಯಲ್ಲಿ ಕೆಳಗೆ ಬೆವರಿ ಕೆರೆತ. ಕೈಗೂದಲು ಕೊಂಡಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂದಿದ್ದಿದೆ. ಸ್ಕ್ರೂ ತಿರುಗಿಸಬೇಕು ಅಂದರೆ ಕೈಯಿಂದ ಬಿಚ್ಚಿ, ಬೇಕಾದ ಕೊಂಡಿ ಮಡಚಿ ಹಿಡಿಯಬೇಕು. ಉಳಿದ ಸರಪಳಿ ಹಾವಿನ ಹಾಗೆ ಜೋತಾಡುತ್ತೆ. ನನ್ನ ಸ್ಕೂಟರಿನ ಕನ್ನಡಿ ನಟ್ಟಿಗೆ 14ರ ಪಾನಾ ಬೇಕು, ಅಷ್ಟು ದೊಡ್ಡದು ಇದರಲ್ಲಿಲ್ಲ. ಅಶೋಕ ಟಾಕೀಸ್ ಹತ್ತಿರ ಟ್ರಾಫಿಕ್ಕಿನಲ್ಲಿ ಕನ್ನಡಿ ತಿರುಗಿ ನನ್ನ ಮುಖವೇ ತೋರಿಸ್ತಿದ್ದಾಗ, 29 ಸಾಮಾನು ಕೈಯಲ್ಲಿದ್ದೂ ಪೆಚ್ಚಾಗಿ ನಿಂತಿದ್ದೆ.

ಕರೆಂಟಿನ ವಿಷಯವಂತೂ ತಮಾಷೆಯೇ ಅಲ್ಲ. ಲ್ಯಾಬಿನಲ್ಲಿ ಬ್ಯಾಟರಿ ಮುಟ್ಟೋ ಮೊದಲು ಇದನ್ನು ಬಿಚ್ಚಿ ಡ್ರಾಯರಿಗೆ ಹಾಕುತ್ತೇನೆ. ಕಾರಿನ ಬ್ಯಾಟರಿಯಂಥದರ ಎರಡು ಟರ್ಮಿನಲ್ ಮಧ್ಯೆ ಸ್ಟೀಲಿನ ಬಳೆ ತಾಗಿದರೆ ಅದರೊಳಗೆ ಹರಿಯೋ ಕರೆಂಟಿಗೆ ಬಳೆ ಕಾದು ಕೈ ಸುಟ್ಟುಹೋಗುತ್ತೆ. 12 ವೋಲ್ಟ್ ತಾನೇ ಅನ್ನಬೇಡಿ. ಶಾಕ್ ಹೊಡೆಯಲ್ಲ, ಸುಡುತ್ತೆ. ಬಂಗಾರದ ಬಳೆಯೂ ಸುಡುತ್ತೆ, ಮಾವನಿಗೆ ತಿಳಿಸಿ.

ಇಷ್ಟೆಲ್ಲ ಇದ್ದೂ ಯಾಕೆ ಹಾಕ್ತೀನಿ ಅಂದರೆ, ಕೈಯಲ್ಲಿದೆ ಅಂತ. ಅಷ್ಟೇ. ಮನೆಯಲ್ಲಿ ಒಳ್ಳೇ ಟೂಲ್‌ಬಾಕ್ಸ್ ಇದೆ. ಅದು ಮನೆಯಲ್ಲಿದೆ. ನಗೋ ಜನವೇ ದಿನಕ್ಕೊಂದು ಸಲ "ಮೇಡಂ, ಸಿಮ್ ಪಿನ್ ಕೊಡಿ" ಅಂತ ಬರ್ತಾರೆ. ಕೊಡ್ತೀನಿ. ಸ್ವಲ್ಪ ಶೋಕಿಯೂ ಇದೆ, ಇಲ್ಲ ಅನ್ನಲ್ಲ. ನಿನ್ನೆ ರೇಷ್ಮೆ ಸೀರೆಗೆ ಅದು ಬೇಕೇ ಬೇಕು ಅಂತೇನೂ ಇರಲಿಲ್ಲ.

ಮದುವೆಯಲ್ಲಿ ಆಮೇಲೆ ಏನಾಯ್ತು ಅಂತ ಹೇಳಲೇ ಇಲ್ಲ. ಧಾರೆ ಮುಗಿದು ಅಕ್ಷತೆ ಹಾಕೋ ಹೊತ್ತು. ಮಾವ ಜೋರಾಗಿ ಕೈ ಬೀಸಿದರು. ಕನ್ನಡಕದ ಒಂದು ಕಡ್ಡಿ ಕಳಚಿ ಕೆಳಗೆ ಬಿತ್ತು. ಕಡ್ಡಿ ಸಿಕ್ಕಿತು, ಸಾಸಿವೆ ಕಾಳಿನಷ್ಟಿದ್ದ ಸ್ಕ್ರೂ ಮಾತ್ರ ಹಳದಿ ಅಕ್ಕಿಕಾಳಿನ ಮಧ್ಯೆ ಎಲ್ಲೋ ಹೋಯಿತು. ಮೂರು ಜನ ನೆಲದ ಮೇಲೆ ಕೂತು ಹುಡುಕಿದರು. ಮಾವ ನನ್ನ ಕಡೆ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ, ಕೈ ಕಡೆಗಷ್ಟೇ ನೋಡಿದರು.

ನನಗೋ ಒಳಗೊಳಗೇ ಖುಷಿ. ಬಿಚ್ಚಿದೆ. ಅತಿ ಸಣ್ಣ ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದೆ. ತಿರುಗಿಸೋಕೆ ಸ್ಕ್ರೂ ಎಲ್ಲಿದೆ? ಇದ್ದರೂ ಆ ಬಾಯಿ ದಪ್ಪ, ಕೂರ್ತಿರಲಿಲ್ಲ. 29 ಸಾಮಾನಿನಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಸುತ್ತ ಅದೇ ಎಂಟು ಹತ್ತು ಜನ.

ಕೊನೆಗೆ ತಾಳಿಸರದಿಂದ ಅತಿ ಚಿಕ್ಕ ಪಿನ್ನು ತೆಗೆದೆ. ಕನ್ನಡಕದ ಮೂಲೆಯ ಎರಡು ತೂತು ಒಂದಕ್ಕೊಂದು ಕೂಡಿಸಿ, ಮೇಲಿನಿಂದ ಪೋಣಿಸಿ, ಕೆಳಗೆ ಬೀಗ ಹಾಕಿದೆ. ನಿಂತಿತು. ಮಾವ ಕಿವಿ ಪಕ್ಕ ಪಿನ್ನು ಹೊಳೆಸಿಕೊಂಡು ಊಟಕ್ಕೆ ಕೂತರು, ಸ್ಟೇಜಿನ ಮೇಲೆ ಫೋಟೋಗೂ ನಿಂತರು. ಆಲ್ಬಮ್ ಬರಲಿ, ಹಾಕ್ತೀನಿ.

ಇವತ್ತು ಬೆಳಗ್ಗೆ ಅತ್ತೆ ಫೋನ್ ಮಾಡಿದ್ದರು. ಸ್ಕ್ರೂ ಹಾಕಿಸ್ಕೊಂಡು ಬನ್ನಿ ಅಂದ್ರೆ ಅಂಗಡಿಗೆ ಹೋಗೋಕೆ ಒಪ್ತಿಲ್ಲವಂತೆ, ಇದೇ ಗಟ್ಟಿ ಇದೆ ಅಂತಾರಂತೆ. "ಆ ಕಡೆ ಕಡ್ಡೀನೂ ಸ್ವಲ್ಪ ಅಲ್ಲಾಡ್ತೈತಂತೆ ಕಣೇ. ಅದೇ ಅಳತೆದು ಇನ್ನೊಂದು ಪಿನ್ನು ಇದ್ರೆ ಕೊಟ್ಟು ಕಳಿಸಬೇಕಂತೆ."