ನೆರಿಗೆ ನೆಟ್ಟಗಿದೆಯಾ?

ಆಷಾಢದಲ್ಲಿ ಪುಣೆಗೆ ಕಳಿಸಿದ 40 ರಟ್ಟಿನ ಬಾಕ್ಸ್ ಅಚ್ಚುಬೆಲ್ಲದಲ್ಲಿ 11 ಬಾಕ್ಸ್ ಚಪ್ಪಟೆಯಾಗಿ ವಾಪಸ್ ಬಂದವು. ಲಾರಿಯವರನ್ನ ಬೈದೆ, ಮಳೆಯನ್ನ ಬೈದೆ. ಬಾಕ್ಸ್ ಕೊಟ್ಟ ಪುಣ್ಯಾತ್ಮನಿಗೆ ಫೋನ್ ಮಾಡಿದರೆ, "ನೀವು ಕೇಳಿದ್ದು ಫೈವ್ ಪ್ಲೈ, ನಾನು ಕೊಟ್ಟಿದ್ದು ಫೈವ್ ಪ್ಲೈ, ಎಣಿಸ್ಕೊಳಿ ಸಾರ್" ಅಂದ. ಒಂದು ಬಾಕ್ಸ್ ಹರಿದು ಪದರ ಎಣಿಸಿದೆ. ಐದೇ ಇತ್ತು. ಮಾತಾಡೋಕೆ ಬಾಯಿಲ್ಲ.

ಆರು ವರ್ಷದಿಂದ ಮಂಡ್ಯ ಪಕ್ಕದಲ್ಲಿ ಆಲೆಮನೆ ನಡೆಸ್ತಿದ್ದೀನಿ. ಪಾಕ ಯಾವ ಹದಕ್ಕೆ ಬಂತು ಅನ್ನೋದನ್ನ ವಾಸನೆಯಲ್ಲೇ ಹೇಳ್ತೀನಿ. ಆದರೆ ಆ ಬೆಲ್ಲ ಕೂರೋ ಡಬ್ಬದ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ಮಾತು: ತ್ರೀ ಪ್ಲೈ, ಫೈವ್ ಪ್ಲೈ. ಮೂರಕ್ಕಿಂತ ಐದು ದೊಡ್ಡದು, ಅಷ್ಟೇ ಲೆಕ್ಕ.

ಕೆಟ್ಟುಹೋದ ಒಂದು ಬಾಕ್ಸನ್ನ ಬೈಕಿಗೆ ಕಟ್ಟಿಕೊಂಡು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಪರಿಚಯದವರೊಬ್ಬರು ಅಲ್ಲಿ ಒಂದು ಸಣ್ಣ ಡಬ್ಬದ ಯೂನಿಟ್ ತೋರಿಸಿದ್ದರು. ಮಾಲೀಕರು ಇರಲಿಲ್ಲ. ಪಿನ್ ಹೊಡೆಯೋ ಮಿಷನ್ ಮುಂದೆ ಕೂತಿದ್ದ ಅಕ್ಕ ನನ್ನ ಬಾಕ್ಸ್ ಈಸ್ಕೊಂಡು, ಅಂಚನ್ನ ಕಣ್ಣಿನ ಹತ್ತಿರ ಹಿಡಿದು, ಒಂದೇ ಮಾತಿಗೆ ಪ್ರಕರಣ ಮುಗಿಸಿದರು: "ನೆರಿಗೆ ಮಲೀಕಂಡದೆ ಕನಣ್ಣ. ಎದ್ದು ನಿಂತಿರ್ಬೇಕು. ಮಲೀಕಂಡಿರೋರ ಮ್ಯಾಲೆ ಭಾರ ಹೊರ್ಸಕಾದದಾ?"

ಎರಡು ಚಪ್ಪಟೆ ಕಾಗದದ ಮಧ್ಯೆ ಅಲೆ ಅಲೆಯಾಗಿ ಓಡೋ ಕಾಗದಕ್ಕೆ ಆ ಅಕ್ಕ ಇಟ್ಟಿದ್ದ ಹೆಸರು ನೆರಿಗೆ. ಯೂನಿಟ್ಟಿನ ಗಂಡಸರ ಬಾಯಲ್ಲಿ ಅದು ಫ್ಲೂಟ್, ಮೇಲಿನ ಕೆಳಗಿನ ಚಪ್ಪಟೆ ಕಾಗದ ಲೈನರ್. ನೆರಿಗೆಯ ಕೊಳವೆಗಳು ಡಬ್ಬದ ಗೋಡೆಯಲ್ಲಿ ಕೆಳಗಿಂದ ಮೇಲಕ್ಕೆ ನಿಂತಿದ್ದರೆ ಒಂದೊಂದೂ ಕಂಬ. ಅಡ್ಡ ಮಲಗಿದ್ದರೆ ಭಾರ ಬಿದ್ದ ಕೂಡಲೇ ಮಡಚಿಕೊಳ್ಳುತ್ತೆ. ನನ್ನ ಪುಣ್ಯಾತ್ಮ ಶೀಟ್ ವೇಸ್ಟ್ ಆಗಬಾರದು ಅಂತ ಅಡ್ಡಕ್ಕೆ ತಿರುಗಿಸಿ ಕತ್ತರಿಸಿದ್ದ. ಪ್ಲೈ ಐದೇ! ಸುಳ್ಳು ಹೇಳಿರಲಿಲ್ಲ.

ಅದಕ್ಕೇ ಈ ಬರಹ. ಪ್ಲೈ ಅನ್ನೋದು ಎಷ್ಟು ಪದರ ಅಂತ ಹೇಳುತ್ತೆ ಹೊರತು ಎಂಥ ಪದರ ಅಂತ ಹೇಳಲ್ಲ. ಫೈವ್ ಪ್ಲೈ ಅಂದರೆ ಮೂರು ಚಪ್ಪಟೆ, ಎರಡು ನೆರಿಗೆ. ಆ ಐದೂ ಕಾಗದ ತಿರುಳಿಲ್ಲದ ಕಾಗದವಾದರೆ ಒಳ್ಳೆ ತ್ರೀ ಪ್ಲೈ ಅದನ್ನ ಸೋಲಿಸುತ್ತೆ. ಕೇಳಬೇಕಾದ್ದು ಜಿಎಸ್‌ಎಂ ಮತ್ತು ಬಿಎಫ್. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಬಿಎಫ್ ಅಂದರೆ ಬರ್ಸ್ಟ್ ಫ್ಯಾಕ್ಟರ್. ಕಾಗದ ಎಷ್ಟು ಒತ್ತಡಕ್ಕೆ ಒಡೆಯುತ್ತೆ ಅನ್ನೋದನ್ನ ಸಾವಿರದಿಂದ ಗುಣಿಸಿ ಜಿಎಸ್‌ಎಂನಿಂದ ಭಾಗಿಸಿದರೆ ಬರೋ ಸಂಖ್ಯೆ. 120 ಜಿಎಸ್‌ಎಂ, 18 ಬಿಎಫ್ ಕಾಗದ ಅಂದರೆ ಚದರ ಸೆಂಟಿಮೀಟರಿಗೆ 2.16 ಕೆಜಿ ಒತ್ತಡದವರೆಗೆ ತಡೆಯುತ್ತೆ. ಇಲ್ಲೂ ಒಂದು ತಿರುವು ಇದೆ. ಬಿಎಫ್ ಹೇಳೋದು ಕಾಗದದ ಮುಖಕ್ಕೆ ಒತ್ತಿದರೆ ಒಡೆಯುತ್ತಾ ಅನ್ನೋದನ್ನ. ಮೇಲೆ ಹೇರಿದ ಭಾರವನ್ನ ಹೊರುತ್ತಾ ಅನ್ನೋದಕ್ಕೆ ಶೀಟಿನ ಅಂಚನ್ನ ನಿಲ್ಲಿಸಿ ಒತ್ತಿ ನೋಡೋ ಬೇರೆ ಪರೀಕ್ಷೆ ಇದೆ, ಇಸಿಟಿ ಅಂತಾರೆ. ನಾನು ಕೇಳಿದ ಸಣ್ಣ ಯೂನಿಟ್ಟುಗಳಲ್ಲಿ ಅದರ ಹೆಸರೆತ್ತಿದರೆ ಟೀ ತರಿಸ್ತಾರೆ, ಉತ್ತರ ಕೊಡಲ್ಲ.

ನೆರಿಗೆ ಹೊಡೆಯೋ ಮಿಷನ್ ನೋಡಿದಾಗ ನನಗೆ ನಮ್ಮ ಗಾಣವೇ ಕಂಡಿತು. ಹಲ್ಲಿರೋ ಎರಡು ಬಿಸಿ ರೋಲು, ಮಧ್ಯೆ ಕಬ್ಬಿನ ಬದಲು ಕಾಗದ. ನೆರಿಗೆ ಅಂದಮೇಲೆ ಬಟ್ಟೆ ಹೆಚ್ಚು ಬೇಕಲ್ಲ, ಸೀರೆ ಉಡೋರಿಗೆ ಗೊತ್ತು. ಸಾಧಾರಣ ನೆರಿಗೆಗೆ ಚಪ್ಪಟೆ ಕಾಗದದ ಸುಮಾರು 1.4 ಪಟ್ಟು ಉದ್ದ ಬೇಕು. ಅಂಟು ಬೇರೆ ಏನೂ ಅಲ್ಲ, ಮೆಕ್ಕೆಜೋಳದ ಗಂಜಿ. ಮಳೆಗಾಲದಲ್ಲಿ ಡಬ್ಬ ಮೆತ್ತಗಾಗೋದು ಯಾಕೆ ಅಂತ ಆಗ ಹೊಳೀತು. ಕಾಗದವೂ ತೇವ ಕುಡಿಯುತ್ತೆ, ಗಂಜಿಯೂ ಕುಡಿಯುತ್ತೆ, ಒಳಗಿರೋ ಬೆಲ್ಲ ಇವೆರಡಕ್ಕಿಂತ ದೊಡ್ಡ ಕುಡುಕ.

ಇನ್ನು ಭಾಷೆಯ ವಿಷಯ. ನಾವು ಎಲ್ಲದಕ್ಕೂ ರಟ್ಟು ಅಂತೀವಿ. ಪುಸ್ತಕಕ್ಕೆ ಹಾಕ್ಸೋದೂ ರಟ್ಟು, ಮೈಸೂರು ಪಾಕ್ ತುಂಬಿಕೊಡೋ ಡಬ್ಬವೂ ರಟ್ಟು, ಫ್ರಿಜ್ ಬಂದಿಳಿಯೋದೂ ರಟ್ಟಿನಲ್ಲೇ. ವ್ಯಾಪಾರದವರಿಗೆ ಇವು ಮೂರು ಜಾತಿ. ಸ್ವೀಟ್ ಬಾಕ್ಸಿನದು ಡ್ಯೂಪ್ಲೆಕ್ಸ್, ಅದರಲ್ಲಿ ನೆರಿಗೆಯೇ ಇಲ್ಲ. ಆನ್‌ಲೈನ್ ಅಂಗಡಿಗಳ ಕನ್ನಡದಲ್ಲಿ ಕೊರಗೇಟೆಡ್ ಬಾಕ್ಸನ್ನ, ಅಂದರೆ ಈ ನೆರಿಗೆ ಡಬ್ಬವನ್ನ, "ಸುಕ್ಕುಗಟ್ಟಿದ ಪೆಟ್ಟಿಗೆ" ಅಂತ ಬರೆದಿರ್ತಾರೆ. ನೋಡಿ ನಕ್ಕಿದ್ದೆ, ಮುದಿ ಪೆಟ್ಟಿಗೆ ಯಾರಿಗೆ ಬೇಕು ಅಂತ. ಆಮೇಲೆ ನಿಘಂಟು ತೆಗೆದರೆ ಆ ಇಂಗ್ಲಿಷ್ ಪದದ ಲ್ಯಾಟಿನ್ ಬೇರಿನ ಅರ್ಥವೂ ಸುಕ್ಕೇ! ಅನುವಾದಕನ ತಪ್ಪಿಲ್ಲ. ಆದರೂ ನನ್ನ ಮತ ಆ ಅಕ್ಕನಿಗೆ. ಸುಕ್ಕು ತಾನಾಗಿ ಬೀಳುತ್ತೆ, ನೆರಿಗೆಯನ್ನ ಬೇಕಂತ ಹಿಡೀತಾರೆ. ಪ್ಲೈ, ಲೈನರ್, ಕ್ರಾಫ್ಟ್ (ಡಬ್ಬದ ಕಂದು ಕಾಗದ) ಎಲ್ಲ ಹಾಗೇ ಇರಲಿ, ಅವಕ್ಕೆ ಸಂಸ್ಕೃತದ ಅಂಗಿ ತೊಡಿಸೋದು ಬೇಡ. ಕ್ರಾಫ್ಟ್ ಇಂಗ್ಲಿಷಿಗೂ ಹೊರಗಿಂದ ಬಂದದ್ದೇ, ಜರ್ಮನ್ನಿನಲ್ಲಿ ಶಕ್ತಿ ಅಂತ ಅರ್ಥ.

ಈ ನೆರಿಗೆ ಕಾಗದ ಮೊದಲು ಡಬ್ಬಕ್ಕೆ ಅಂತ ಹುಟ್ಟಿದ್ದೂ ಅಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ಹೀಲಿ ಮತ್ತು ಆಲೆನ್ ಅನ್ನೋರು ಪೇಟೆಂಟ್ ತಗೊಂಡಿದ್ದು ಎತ್ತರದ ಟೋಪಿಗಳ ಒಳಪದರಕ್ಕೆ. (ನಮ್ಮ ಮೈಸೂರು ಪೇಟಕ್ಕೆ ಆ ಚಿಂತೆ ಇಲ್ಲ, ಬಟ್ಟೆಯೇ ನೆರಿಗೆ.) ಸಾಮಾನು ಸುತ್ತೋಕೆ ಬಳಸಿದ್ದು 1871ರಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್, ಬಾಟಲಿ ಮತ್ತು ಲಾಟೀನಿನ ಗಾಜಿಗೆ. ಮೂರು ವರ್ಷದ ಮೇಲೆ ಆಲಿವರ್ ಲಾಂಗ್ ಅದಕ್ಕೆ ಚಪ್ಪಟೆ ಕಾಗದ ಅಂಟಿಸಿ ಗಟ್ಟಿ ಮಾಡಿದ.

ಪೂರ್ತಿ ತಪ್ಪು ಸಪ್ಲೈಯರ್‌ದೇ ಅಂತ ಹೇಳಿ ಕೈ ತೊಳೆಯೋಕೂ ಆಗಲ್ಲ. ಒಂದು ಬಾಕ್ಸಿಗೆ 20 ಕೆಜಿ, ಐದು ಎತ್ತರ ಪೇರಿಸಿದ್ದೆ. ತಳದ ಬಾಕ್ಸಿನ ತಲೆ ಮೇಲೆ 80 ಕೆಜಿ. ಅದೂ ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಒಂದರ ಸಂದಿನ ಮೇಲೆ ಇನ್ನೊಂದು, ಬೀಳಬಾರದು ಅಂತ. ಅಕ್ಕ ಹಣೆ ಚಚ್ಚಿಕೊಂಡರು. ಡಬ್ಬದ ಬಲ ಇರೋದು ಅದರ ನಾಲ್ಕು ಮೂಲೆಯಲ್ಲಿ. ಮೂಲೆಯ ಮೇಲೆ ಮೂಲೆ ಕೂರಬೇಕು. ಇಟ್ಟಿಗೆ ಥರ ಜೋಡಿಸಿದರೆ ಹೊರೋ ಶಕ್ತಿ ಅರ್ಧದಷ್ಟು ಹೋದರೂ ಹೋಯ್ತು.

ಅಳತೆಯಲ್ಲಿ ತಿಂದ ಪೆಟ್ಟನ್ನೂ ಹೇಳಿಬಿಡ್ತೀನಿ. ಉದ್ದ, ಅಗಲ, ಎತ್ತರ, ಇದೇ ಕ್ರಮದಲ್ಲಿ ಹೇಳಬೇಕು, ಒಳಗಿನ ಅಳತೆ ಅಂತ ಬಾಯಿಬಿಟ್ಟು ಹೇಳಬೇಕು. ನಾನು ಹೇಳದೆ ಹೋದ ವರ್ಷ 200 ಬಾಕ್ಸ್ ಅರ್ಧ ಇಂಚು ಕಮ್ಮಿ ಬಂದವು. ಈಗಲೂ ಅಟ್ಟದ ಮೇಲಿವೆ, ನಮ್ಮಮ್ಮ ಅದರಲ್ಲಿ ದಸರಾ ಬೊಂಬೆ ಇಡ್ತಾರೆ.

ಮೊನ್ನೆ ಹೊಸ ಆರ್ಡರ್ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಹಾಕಿದೆ: "15×10×8 ಇಂಚು, ಒಳಗಿನ ಅಳತೆ. ಫೈವ್ ಪ್ಲೈ. ಐದೂ ಕಾಗದ 120 ಜಿಎಸ್‌ಎಂ, 18 ಬಿಎಫ್. ನೆರಿಗೆ ನೆಟ್ಟಗಿರಬೇಕು." ಅರ್ಧ ಗಂಟೆ ಆದಮೇಲೆ ಆಫೀಸಿನ ಹುಡುಗನ ಉತ್ತರ ಬಂತು: "ಸಾರ್, ಇದು ಬಾಕ್ಸ್ ಫ್ಯಾಕ್ಟರಿ. ಸೀರೆ ಅಂಗಡಿ ಅಲ್ಲ."

ಪಿನ್ ಹೊಡೆಯೋ ಅಕ್ಕನ ಕೈಗೆ ಫೋನ್ ಕೊಡಪ್ಪ ಅಂದೆ.